ಸೋಫಾ ಸಾಲಿನವರ ಫೋಟೋ

ಔರಾದದಲ್ಲಿ ನನ್ನದೊಂದು ಪುಟ್ಟ ಸ್ಟುಡಿಯೊ. ಬೀದರ, ಭಾಲ್ಕಿಯ ದೊಡ್ಡ ಮನೆಗಳ ಲಗ್ನಕ್ಕೂ ಗಾಯನದ ಬೈಠಕ್ಕಿಗೂ ನನ್ನನ್ನೇ ಕರೆಯುತ್ತಾರೆ. ಅವರಿಗೆ ಬೇಕಾದ ಫೋಟೋ ಅವರಿಗೆ ಕೊಟ್ಟು, ನನಗೆ ಬೇಕಾದದ್ದನ್ನು ನಾನು ಇಟ್ಟುಕೊಳ್ಳುತ್ತಿದ್ದೆ.

ನಮ್ಮ ಕಡೆ ಸಂಗೀತ ಕೇಳುವುದಕ್ಕೂ ಅಂತಸ್ತುಂಟು: ಮುಂದೆ ಸೋಫಾ, ಹಿಂದೆ ಕುರ್ಚಿ, ಕೊನೆಗೆ ಜಮಖಾನೆ. ಗೋಡಂಬಿ ತಟ್ಟೆ ಸೋಫಾ ದಾಟಿ ಬಂದದ್ದನ್ನು ನಾನಂತೂ ಕಂಡಿಲ್ಲ. ಸೋಫಾದವರು ತಡವಾಗಿ ಬಂದರೂ ಸರಿಯೇ, ಹಾಡಿನ ನಡುವೆಯೇ ಅವರಿಗೆ ಶಾಲು ಹೊದಿಸಬೇಕು.

ಭಾಲ್ಕಿಯಲ್ಲಿ ಒಂದು ಸಂಜೆ ಹಾಗೇ ಆಯಿತು. ಗಾಯಕಿ ಆಲಾಪದಲ್ಲಿ ಮುಳುಗಿದ್ದಾಗ ಊರಿನ ಸಾಹುಕಾರರೊಬ್ಬರು ಬಂದರು. ಹಾರ, ಶಾಲು, ಗದ್ದಲ! ಬಳಗದ ಸಮೇತ ವೇದಿಕೆ ಹತ್ತಿ, ಗಾಯಕಿಗೆ ಬೆನ್ನು ಮಾಡಿ, ನನ್ನತ್ತ ನಗುತ್ತ ನಿಂತರು. ಆ ಮಹಾತಾಯಿ ಹಾಡು ನಿಲ್ಲಿಸಲಿಲ್ಲ. ಎರಡು ಕೋಟುಗಳ ಸಂದಿಯಲ್ಲಿ ಅವಳ ಎತ್ತಿದ ಕೈ ಕಂಡಿತು, ಕ್ಲಿಕ್ ಮಾಡಿದೆ.

ಬೀದರದಲ್ಲಿ ನನ್ನ ಫೋಟೋಗಳ ಪ್ರದರ್ಶನ ಮಾಡುವಾಗ, ಆ ಸಂಜೆಯದೊಂದನ್ನು ಹಾಕಲೇ ಎಂದು ಸಾಹುಕಾರರನ್ನು ಕೇಳಿದ್ದೆ. ಸನ್ಮಾನದ ಫೋಟೋ ಇರಬೇಕೆಂದುಕೊಂಡು, ನೋಡದೆಯೇ ಹೂಂ ಅಂದಿದ್ದರು. ಬಂದು ನೋಡಿದವರ ಮುಖ ಕೆಂಪಾಯಿತು. ಫೋಟೋದ ಕೆಳಗೆ ನಾನು ಒಂದಕ್ಷರ ಬರೆದಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

"ಇದನ್ನ ಇಳಸ್ರಿ ಮೇಡಂ. ನಾವು ಹಾಡಿಗಿ ಬೆನ್ನು ಮಾಡಿ ನಿಂತಂಗ ಕಾಣ್ತದ."

"ಕಾಣೂದೇನ್ರಿ, ಹಂಗೇ ನಿಂತಿದ್ರಿ!" ನನ್ನ ನಾಲಗೆ ಮೊದಲಿಂದಲೂ ಹೀಗೇ.

"ನಾಳಿಂದ ನಮ್ಮ ಮಂದಿ ಯಾರೂ ನಿಮ್ಮನ್ನ ಲಗ್ನಕ್ಕ ಕರಿಯಂಗಿಲ್ಲ, ನೋಡ್ರಿ."

ಆ ಮನೆಗಳು ಕೈಬಿಟ್ಟರೆ ನನ್ನ ಸ್ಟುಡಿಯೊಗೆ ಬೀಗವೇ ಗತಿ. ಆದರೆ ನಾನು ತೆಗೆದದ್ದರಲ್ಲೆಲ್ಲ ನಿಜವಾದ ಫೋಟೋ ಅದೊಂದೇ. "ಇಳಸಂಗಿಲ್ರಿ" ಅಂದೆ. ಅವರೇ ಚೌಕಟ್ಟಿಗೆ ಕೈ ಹಾಕಿದರು.

"ಮುಟ್ಟಬ್ಯಾಡ್ರಿ!"

ಅವರ ಹೆಂಡತಿ. ಮುಂದೆ ಬಂದು ಫೋಟೋದ ಬಲತುದಿಯಲ್ಲಿ ಬೆರಳಿಟ್ಟರು. ಅಲ್ಲಿ ಬಳಗದ ಹೆಂಗಸೊಬ್ಬಳು ಕ್ಯಾಮೆರಾಕ್ಕೆ ಬೆನ್ನು ಹಾಕಿ ಗಾಯಕಿಯನ್ನೇ ನೋಡುತ್ತ ನಿಂತಿದ್ದಳು. ಆ ತುರುಬು ಯಾರದೆಂದು ನನಗೂ ಗೊತ್ತಿರಲಿಲ್ಲ.

"ಇದು ನಾನು. ನಮ್ಮ ಮನಿ ತುಂಬ ನಿಮ್ಮ ಶಾಲಿನ ಫೋಟೋನೇ ಅವ. ನಾನು ಹಾಡು ಕೇಳಿದ್ದು ಇದೊಂದರಾಗೇ ಅದ." ನನ್ನತ್ತ ತಿರುಗಿದರು. "ಮೇಡಂ, ಇಂಥಾದ್ದೇ ನಮ್ಮ ಮನಿಗಿ ಒಂದು ದೊಡ್ಡದು ಮಾಡಿಕೊಡ್ರಿ."

ಸಾಹುಕಾರರ ಕೈ ತಾನಾಗಿ ಕೆಳಗಿಳಿಯಿತು. ಅಬ್ಬಾ, ನನ್ನ ಖುಷಿ! ಅಳುವೂ ನಗುವೂ ಒಟ್ಟಿಗೇ ಬಂತು.

"ಎಷ್ಟು ದೊಡ್ಡದು ಮಾಡ್ಲಿರಿ?" ಎಂದೆ. ಅವರು ಎದುರಿನ ಗೋಡೆ ತೋರಿಸಿದರು.

"ಗ್ವಾಡಿ ತುಂಬ ಮಾಡ್ರಿ."