ಇನ್ನೊಂಚೂರು ವೇಗ

ಶಿರಾದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ನಮ್ಮಣ್ಣ ಯಾವ ಯಂತ್ರ ಕಂಡರೂ ಬೆರಳ ಹಿಂಬದಿ ತಾಗಿಸಿ, ಮಗುವಿನ ಜ್ವರ ನೋಡುವಂತೆ ನೋಡುತ್ತಿದ್ದರು. ‘ಇನ್ನೊಂಚೂರು ಎಳೀತೈತೆ ಬುಡು’ ಅನ್ನುವುದು ಅವರ ಮಾತು.

ಎಂಬತ್ತರ ದಶಕದ ಕೊನೆಗೆ, ಕಂಪ್ಯೂಟರ್ ತರಗತಿ ತೆರೆಯುವ ಆಸೆಯಿಂದ, ಅಂಗಡಿ ಮಾರಿ ಅಗ್ಗದ ಕಂಪ್ಯೂಟರೊಂದನ್ನು ತಂದರು. ಪಾಠ ಹೇಳಲು, ನಮ್ಮ ಮನೆಯ ಮೊದಲ ಪದವೀಧರನಾದ ನನ್ನನ್ನು ಕರೆದರು. ಅದರ ಓಟ ಸಾಲದೆಂದು, ವೇಗ ನಿರ್ಧರಿಸುವ ಕ್ರಿಸ್ಟಲ್ ಕಿತ್ತು ಇನ್ನೂ ಹೆಚ್ಚು ವೇಗದ್ದನ್ನು ಬೆಸೆದರು.

‘ಓಡ್ತಿರೋದನ್ನ ಯಾಕೆ ಕೆಣಕ್ತೀಯಣ್ಣ?’ ಅಂದೆ.

‘ಡಿಗ್ರಿ ಮಾಡಿದ್ರೂ ಪುಕ್ಕಲೆದೆ ಕಣಯ್ಯ ನಿಂದು.’

ಬೆಳಗಿನ ತಂಪಿನಲ್ಲಿ ಅದನ್ನು ಚಾಲೂ ಮಾಡಿ, ಒಳಗೆ ಬೆರಳಿಟ್ಟು ನಕ್ಕರು. ಚೆನ್ನಾಗಿಯೇ ಓಡಿತು. ಮಧ್ಯಾಹ್ನ ತಗಡಿನ ಸೂರು ಕಾದಾಗ ಪರದೆ ಕಪ್ಪಾಯಿತು. ಹಳೆಯ ಕ್ರಿಸ್ಟಲ್ ಹಾಕಿದರೂ ಏಳಲಿಲ್ಲ. ತರಗತಿ ತೆರೆಯಲೇ ಇಲ್ಲ.

ಆಮೇಲೂ ಆಗಾಗ ಮುಚ್ಚಳ ತೆಗೆದು ಬೆರಳಿಡುತ್ತಿದ್ದರು.

‘ತಣ್ಣಗೈತೆ ಕಣಯ್ಯ,’ ಅನ್ನುತ್ತಿದ್ದರು.