ಪರದೆಯ ಹಿಂದಿನಿಂದ ಕೊಟ್ಟ ಉತ್ತರ

ನಮ್ಮ ಮನೆತನದಲ್ಲಿ ಸೊಸೆ ಮಾವನ ಎದುರು ನಿಲ್ಲುವುದಿಲ್ಲ, ಮಾತಾಡುವುದಿಲ್ಲ. ಹೇಳುವುದೇನಿದ್ದರೂ ಅತ್ತೆಯ ಮೂಲಕ. ಅತ್ತೆ ತೀರಿಹೋದ ಮೇಲೆ ಔರಾದಿನ ಮನೆಯಲ್ಲಿ ಉಳಿದವರು ಮಾವ ಮತ್ತು ನಾನು. ಗಂಡ ಲಾರಿ ಓಡಿಸುತ್ತಾರೆ, ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಊಟ ಸಿದ್ಧವಾದರೆ ನಾನು ತಾಟನ್ನು ಸಪ್ಪಳವಾಗುವಂತೆ ಇಟ್ಟು ಬಾಗಿಲ ಹಿಂದೆ ಸರಿಯುತ್ತಿದ್ದೆ. ನೀರು ಬೇಕಾದರೆ ಅವರು ಕೆಮ್ಮುತ್ತಿದ್ದರು. ನಿಜವಾದ ಕೆಮ್ಮು ಬಂದಾಗಲೂ ನೀರು ತಂದಿಟ್ಟಿದ್ದೇನೆ. ಎರಡು ವರ್ಷ ಹೀಗೇ ಕಳೆಯಿತು. ಇನ್ನೊಬ್ಬರಿರುವ ಮನೆಯಲ್ಲಿ ಒಂಟಿಯಾಗಿರುವುದು ಬಲು ಕಷ್ಟ.

ನಾನು ರವಿಕೆ ಹೊಲಿಯುತ್ತೇನೆ. ಬೀದರಿನಲ್ಲಿ ಮದುವೆಯಾದ ಹೆಂಗಸರಿಗೆ ಸೌಂದರ್ಯ ಸ್ಪರ್ಧೆ ಇದೆಯೆಂದು ಹೊಲಿಸಲು ಬಂದವಳೊಬ್ಬಳು ಹೇಳಿದಳು. ನಾನು ಚೆಲುವೆ ಎಂಬ ಭ್ರಮೆ ನನಗಿರಲಿಲ್ಲ. ಯಾರಾದರೂ ನನ್ನನ್ನು ಏನಾದರೂ ಕೇಳಲಿ, ನಾನು ಉತ್ತರ ಹೇಳಬೇಕು ಎಂಬ ಆಸೆಯಿತ್ತು, ಅಷ್ಟೇ. ಗಂಡ ಫೋನಿನಲ್ಲಿ, “ಹೋಗಿ ಬಾ, ಯಾರ್ ಬ್ಯಾಡಂತಾರ,” ಎಂದರು. ತಮ್ಮ ತಂದೆಗೂ ಅವರೇ ತಿಳಿಸಿದರು.

ವೇದಿಕೆಯ ಮೇಲೆ ನಡೆಯುವುದೇನೋ ಸರಿಯಾಗಿಯೇ ಆಯಿತು. ಆದರೆ ತೀರ್ಪುಗಾರರಲ್ಲೊಬ್ಬರು ಬಿಳಿ ಮೀಸೆಯ ಹಿರಿಯರು, ಹೆಚ್ಚುಕಡಿಮೆ ನಮ್ಮ ಮಾವನ ವಯಸ್ಸು. ಅವರು, “ಮನ್ಯಾಗ ಯಾರ್ಯಾರ್ ಇರ್ತೀರಿ?” ಎಂದು ಕೇಳಿದ್ದೇ ತಡ, ನನ್ನ ಕೈ ಸೆರಗನ್ನು ತಲೆಗೆಳೆಯಿತು, ಕಾಲು ಪಕ್ಕದ ಪರದೆಯ ಹಿಂದಕ್ಕೆ ಹೋಯಿತು. ಅಲ್ಲಿಂದಲೇ ಉತ್ತರ ಕೊಟ್ಟೆ. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಬಸ್ಸಿನಲ್ಲಿ ಊರು ಬರುವವರೆಗೂ ಅಳು ನಿಲ್ಲಲಿಲ್ಲ.

ಆಮೇಲೆ ಹಠ ಬಂತು. ದಿನವೂ ಅತ್ತೆಯ ಫೋಟೋದ ಎದುರು ನಿಂತು ಅದೇ ಪ್ರಶ್ನೆಗೆ ಗಟ್ಟಿಯಾಗಿ ಉತ್ತರ ಹೇಳಿದೆ. ಪಡಸಾಲೆಯಲ್ಲಿದ್ದ ಮಾವನಿಗೆ ಕೇಳಿಸುತ್ತಿತ್ತೇನೋ. ಆ ಹೊತ್ತಿನಲ್ಲಿ ಅವರು ಒಮ್ಮೆಯೂ ಕೆಮ್ಮಲಿಲ್ಲ.

ಕೆಲವು ತಿಂಗಳಿಗೆ ಭಾಲ್ಕಿಯಲ್ಲಿ ಮತ್ತೊಂದು ಸ್ಪರ್ಧೆ. ಅದೇ ಹಿರಿಯರು, ಅದೇ ಪ್ರಶ್ನೆ. ಸೆರಗು ಹೆಗಲ ಮೇಲೇ ಉಳಿಯಿತು.

“ನಾನು, ನಮ್ಮ ಮಾವ ಇರ್ತೀವ್ರಿ. ಎರಡ್ ವರ್ಷ ಆತ್ರಿ, ಇಬ್ಬರೂ ಒಂದ್ ಮಾತ್ ಆಡಿಲ್ರಿ,” ಎಂದೆ.

ನಾನು ಕಲಿತುಕೊಂಡು ಹೋದ ಉತ್ತರ ಅದಲ್ಲ. ಯಾರೂ ನಗಲಿಲ್ಲ. ಮೂರನೆಯ ಬಹುಮಾನ ಬಂತು. ಪುಟ್ಟ ಕಿರೀಟವನ್ನು ಬಸ್ಸು ಹತ್ತುವ ಮೊದಲೇ ಚೀಲಕ್ಕೆ ಹಾಕಿದೆ. ಇದನ್ನು ಯಾರಿಗೆ ತೋರಿಸಲಿ ಎಂದು ದಾರಿಯುದ್ದಕ್ಕೂ ಸಂಕಟವಾಯಿತು.

ಸಂಜೆ ಸಪ್ಪಳ ಮಾಡದೆ ತಾಟಿಟ್ಟೆ. ಸೆರಗು ತಲೆಯ ಮೇಲಿತ್ತು, ಆದರೆ ಬಾಗಿಲ ಹಿಂದೆ ಹೋಗಲಿಲ್ಲ.

“ಪಲ್ಯದಾಗ ಉಪ್ಪು ಸರಿ ಅದೇನ್ರಿ, ಮಾವಾ?”

ರೊಟ್ಟಿ ಮುರಿಯುತ್ತಿದ್ದ ಅವರ ಕೈ ನಿಂತಿತು. ತಲೆ ಎತ್ತಲಿಲ್ಲ.

“ಎರಡ್ ವರ್ಷದಿಂದ ಕಮ್ಮೀನೇ ಅದವ್ವಾ,” ಎಂದರು.

ನಾನು ಉಪ್ಪಿನ ಡಬ್ಬಿ ತಂದು ಅವರ ಎದುರಿಗೇ ಕುಳಿತೆ.