ಗನ್ನರ್ ಹೋಸಿಯಾನ ಕೋಟು

ಉತ್ತರ ಫಿಲಡೆಲ್ಫಿಯಾದ ಕ್ಷೌರಿಕ ಹೋಸಿಯಾ ಟಿಸ್‌ಡೇಲ್ ಬಾಯಿ ಬಿಟ್ಟರೆ ಎರಡನೇ ಮಹಾಯುದ್ಧದ್ದೇ ಮಾತು. ನೌಕಾಪಡೆಯಲ್ಲಿ ತಾನು ಫಿರಂಗಿ ಹಾರಿಸಿದವನೆಂದು ಗಿರಾಕಿಗಳ ಮುಂದೆಲ್ಲ ಬೊಗಳೆ ಬಿಡುತ್ತಿದ್ದ. ಕುತ್ತಿಗೆಯ ಮೇಲೆ ಕತ್ತಿ ಆಡುತ್ತಿರುವಾಗ ಇಲ್ಲವೆನ್ನುವ ಧೈರ್ಯ ಯಾರಿಗಿದೆ? ಎಲ್ಲರೂ ಅವನನ್ನು 'ಗನ್ನರ್' ಎಂದೇ ಕರೆದರು. ಸೋದರಳಿಯ ಕಾರ್ನೆಲ್ ಅಂತೂ ಮಾವನನ್ನು ದೇವರೆಂದೇ ನಂಬಿ ಬೆಳೆದ.

ಎಪ್ಪತ್ತಮೂರನೇ ಇಸವಿಯಲ್ಲಿ ಕಾರ್ನೆಲ್‌ನ ಗಾಯನ ತಂಡಕ್ಕೆ ಅದೃಷ್ಟ ಖುಲಾಯಿಸಿತು. ಹೊಸ ಆಲ್ಬಮ್ಮಿಗೆ ರೆಕಾರ್ಡ್ ಕಂಪನಿಯವರಿಟ್ಟ ಹೆಸರು, ಆಪತ್ತು ಬಂದಾಗ ಹಡಗಿನಲ್ಲಿ ಕೂಗುವ 'ಎಲ್ಲರೂ ಡೆಕ್ಕಿಗೆ ಬನ್ನಿ'. ಹಾಡುವ ಐವರೂ ಡೆಲವೇರ್ ನದಿಯನ್ನು ಸೇತುವೆಯ ಮೇಲಿಂದ ನೋಡಿದವರು, ಅಷ್ಟೇ. ಅವರಲ್ಲೊಬ್ಬನಿಗೆ ದೋಣಿ ಕಂಡರೇ ವಾಂತಿ. ಕಂಪನಿಯವರ ತಲೆಗೆ ಏನು ಹೇಳೋಣ.

"ಮಾಮ, ಕವರ್ ಫೋಟೊಗೆ ನಿನ್ನ ನೇವಿ ಕೋಟು ಬೇಕು. ಉಳಿದೋರು ಬಾಡಿಗೇದು ಹಾಕ್ಕೊಳ್ಲಿ, ನಂಗೆ ನಿಂದೇ ಆಗ್ಬೇಕು."

"ಅದನ್ನ ಹುಳ ತಿಂದಿದೆ ಕಣೋ."

"ಅತ್ತೆ ಆಗ್ಲೇ ಇಸ್ತ್ರಿ ಮಾಡಿ ಕೊಟ್ಟಾಯ್ತು."

ಹೋಸಿಯಾ ಇಕ್ಕಟ್ಟಿಗೆ ಸಿಕ್ಕಿದ. ಅದು ಅಧಿಕಾರಿಗಳಿಗೆ ಊಟ ಬಡಿಸುವವನ ಕೋಟು. ಆಗೆಲ್ಲ ನಮ್ಮ ಕಪ್ಪು ಜನಕ್ಕೆ ಹಡಗಿನಲ್ಲಿ ಹೆಚ್ಚಾಗಿ ಸಿಗುತ್ತಿದ್ದುದು ಆ ಚಾಕರಿಯೇ. ಹಾಡುವ ಮಂಗಗಳಿಗೆ ಇದೆಲ್ಲಿ ತಿಳಿಯುತ್ತದೆ ಎಂದು ಧೈರ್ಯ ತಂದುಕೊಂಡು, ಕಾವಲಿಗೆಂಬಂತೆ ಫೋಟೊ ಸ್ಟುಡಿಯೋಗೆ ತಾನೂ ಹೋದ.

ಗ್ರಹಚಾರಕ್ಕೆ, ಫೋಟೊ ತೆಗೆಯುವ ಬಿಳಿಯ ಮುದುಕನೂ ನೌಕಾಪಡೆಯಲ್ಲಿದ್ದವನೇ. ಕಾರ್ನೆಲ್‌ನನ್ನು ನೋಡಿ ಕಿಸಕ್ಕೆಂದ. "ಇದು ಕಾಫಿ ಕೊಡೋರ ಕೋಟಲ್ವೇನಯ್ಯಾ? ಕೈಗೊಂದು ಟ್ರೇ ಕೊಟ್ರೆ ಸರಿಹೋಗುತ್ತೆ."

ಕಾರ್ನೆಲ್ ಮಾವನತ್ತ ತಿರುಗಿದ. "ಹೇಳು ಮಾಮ ಇವನಿಗೆ. ನೀನು ಗನ್ನರ್ ಅಂತ ಹೇಳು."

ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ಆದರೆ ಆ ಮುದುಕನ ನಗು ಕಂಡು ಹೋಸಿಯಾನ ಬಾಯಿಂದ ಅದು ಹೊರಡಲಿಲ್ಲ.

"ಕಾಫಿ ಕೊಡ್ತಿದ್ದೆ. ಬೂಟು ಒರೆಸ್ತಿದ್ದೆ. ಎಲ್ಲರೂ ಡೆಕ್ಕಿಗೆ ಅಂತ ಕೂಗಿದ್ರೆ, ನಮ್ಮನ್ನ ಮದ್ದುಗುಂಡು ಎತ್ತಿಕೊಡೋಕೆ ಕೆಳಗಡೆಗೆ ಅಟ್ಟಿ ಮೇಲಿಂದ ಬಾಗ್ಲು ಹಾಕ್ಕೋತಿದ್ರು. ಹಡಗು ಮುಳುಗಿದ್ರೆ ಇಲಿಗಳ ಜೊತೆ ನಾವು."

ಕಾರ್ನೆಲ್ ಕೋಟು ಬಿಚ್ಚಿ ಕುರ್ಚಿಯ ಮೇಲೆಸೆದ. ಬಾಡಿಗೆಯ ಕ್ಯಾಪ್ಟನ್ ಕೋಟು ತೊಟ್ಟು, ತೋಳಿನ ಮೇಲಿನ ಅಧಿಕಾರಿಯ ಚಿನ್ನದ ಪಟ್ಟಿ ಸರಿಮಾಡಿಕೊಂಡು ಕ್ಯಾಮೆರಾಕ್ಕೆ ಹಲ್ಲು ಕಿರಿದ. ನಮ್ಮವರಲ್ಲಿ ಯಾರ ತೋಳಲ್ಲೂ ಅಂಥದೊಂದು ಪಟ್ಟಿಯನ್ನು ಹೋಸಿಯಾ ಸಮುದ್ರದಲ್ಲಿ ಕಂಡಿರಲಿಲ್ಲ. ಇಲ್ಲಿ ಐದು ಜನಕ್ಕೂ ಬಾಡಿಗೆಗೆ ಸಿಕ್ಕಿತ್ತು. ಥೂ.

ರೆಕಾರ್ಡು ಬಂತು, ಓಡಿತು. ಕಾರ್ನೆಲ್ ಕವರಿನ ಮೇಲೆ ಸಹಿ ಹಾಕಿಕೊಂಡು ಮಾವನ ಕ್ಷೌರದಂಗಡಿಗೆ ಬಂದ. ಗಿರಾಕಿ ಅಲೊಂಜೊ ಅದನ್ನು ಕಣ್ಣ ಹತ್ತಿರ ಹಿಡಿದ.

"ಗನ್ನರ್, ಇದ್ರಲ್ಲಿ ನಿನ್ನ ಕೋಟು ಯಾವ್ದು ಮಾರಾಯ?"

"ನಾನು ಹಾಕಿರೋದೇ," ಎಂದು ಕಾರ್ನೆಲ್ ಎದೆಯುಬ್ಬಿಸಿದ. "ಮಾಮ ಕ್ಯಾಪ್ಟನ್ ಆಗೋನಿದ್ದ, ಗೊತ್ತಾ?"

ಅಂಗಡಿ ತುಂಬ ಜನ ಹೋಸಿಯಾನತ್ತ ನೋಡಿದರು. ಹೂಂ ಅಂದಿದ್ದರೆ ಸಾಯುವವರೆಗೂ ಅವನೇ ರಾಜ.

"ಅದು ಬಾಡಿಗೇದು," ಎಂದ ಹೋಸಿಯಾ. "ನಾನು ಹಡಗಲ್ಲಿ ಊಟ ಬಡಿಸ್ತಿದ್ದೋನು. ನನ್ನ ಕೋಟು ಹಾಕ್ಕೊಳ್ಳೋಕೆ ಇವನಿಗೆ ನಾಚಿಕೆ ಆಯ್ತು. ನಂಗೂ ಇಷ್ಟು ವರ್ಷ ಅದೇ ರೋಗ."